ಅಧ್ಯಕ್ಷರಿಗೆ ಸಲಹೆಗಾರರ ಪತ್ರ

ಸ್ಮರಣ ಸಂಚಿಕೆಗೆ ನಮ್ಮ ಹಿಂದಿನ ಅಧ್ಯಕ್ಷರ ಬಗ್ಗೆ ಬರೆದುಕೊಡಿ ಎಂದು ನಮ್ಮ ಕನ್ನಡ ಸಂಘದ ಈಗಿನ ಕಾರ್ಯದರ್ಶಿ ಫೋನ್ ಮಾಡಿದಾಗ, ನಾನೇ ಯಾಕೆ ಎಂದು ಕೇಳಿದೆ. "ಅವರ ಜೊತೆ ಜಾಸ್ತಿ ಜಗಳ ಆಡಿರೋದು ನೀವೇ ಅಲ್ವಾ ಸರ್, ನಿಮಗೇ ಚೆನ್ನಾಗಿ ಗೊತ್ತಿರುತ್ತೆ" ಎಂದಳು ಆ ಹುಡುಗಿ. ಮಾತು ನಿಜ. ಸಿಡ್ನಿಯಲ್ಲಿ ಅವರನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಮಾತ್ರ ಅವರನ್ನು ಮೊದಲ ದಿನದಿಂದ ಅನುಮಾನದಿಂದಲೇ ನೋಡಿದವನು. ಯಾರನ್ನಾದರೂ ಅನುಮಾನದಿಂದ ನೋಡತೊಡಗಿದರೆ ಅವರ ಒಂದು ಕೆಮ್ಮನ್ನೂ ಬಿಡದೆ ಗಮನಿಸುತ್ತೇವೆ. ಅದಕ್ಕೇ ಬರೆಯಲು ಒಪ್ಪಿಕೊಂಡೆ.

ಅವರ ಹೆಸರು ಬರೆಯುವುದಿಲ್ಲ. ಸಂಘಕ್ಕಾಗಿ ಅವರು ಬರೆಯುತ್ತಿದ್ದ ಟಿಪ್ಪಣಿಗಳಲ್ಲೂ ಯಾರ ಹೆಸರೂ ಇರುತ್ತಿರಲಿಲ್ಲ. ಖಜಾಂಚಿಯವರು, ಶಿಕ್ಷಕಿಯವರು, ಅಡುಗೆ ಸಮಿತಿಯವರು ಎಂದು ಹುದ್ದೆ ಮಾತ್ರ. ನಾವು ಅವರನ್ನು ಸಾಹೇಬ್ರು ಎನ್ನುತ್ತಿದ್ದೆವು, ಮಕ್ಕಳಿಗೆ ಅವರು ಲಾಯರ್ ಅಂಕಲ್. ಗದಗಿನ ಕಡೆಯವರು. ಈ ದೇಶಕ್ಕೆ ಬಂದು ಅರ್ಧ ಆಯುಷ್ಯ ಕಳೆದಿದ್ದರೂ ಅವರ ಗದಗಿನ ಮಾತು ಕದಲಿರಲಿಲ್ಲ. ಸರ್ಕಾರಕ್ಕೆ ಕಾನೂನು ಸಲಹೆ ಬರೆದುಕೊಡುವ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿ, ಕೆಲ್ಲಿವಿಲ್‌ನಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಇದ್ದರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು.

ನನ್ನ ಬಗ್ಗೆಯೂ ಹೇಳಬೇಕು. ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಂ ಎಲ್ಲಿ ಕೈಕೊಡುತ್ತದೆ ಎಂದು ಮ್ಯಾಕ್ವೆರಿ ಪಾರ್ಕ್‌ನ ಆಫೀಸೊಂದರಲ್ಲಿ ಕುಳಿತು ಹುಡುಕುವುದು ನನ್ನ ಕೆಲಸ. ಅನುಮಾನ ಪಡುವುದಕ್ಕೇ ನನಗೆ ಸಂಬಳ. ಸಂಜೆ ಮೆಟ್ರೋ ಇಳಿದ ಮೇಲೂ ಆ ಬುದ್ಧಿಯನ್ನು ಆಫೀಸಿನಲ್ಲಿ ಬಿಟ್ಟು ಬರುವುದಿಲ್ಲ ಎಂದು ನನ್ನ ಹೆಂಡತಿ ವೀಣಾ ಬೈಯುತ್ತಾಳೆ.

ಸಾಹೇಬರ ಮೇಲೆ ನನ್ನ ಮೊದಲ ಅನುಮಾನ ಅವರ ಎರಡು ಹುದ್ದೆಗಳದ್ದು. ಅವರು ನಮ್ಮ ಸಂಘದ ಅಧ್ಯಕ್ಷರು. ಸಂಘದ ಕಾನೂನು ಸಲಹೆಗಾರರೂ ಅವರೇ. ಅಧ್ಯಕ್ಷರು ಮಾಡಿದ್ದು ನಿಯಮದ ಪ್ರಕಾರ ಸರಿಯೋ ತಪ್ಪೋ ಎಂದು ಹೇಳಬೇಕಾದ ಮನುಷ್ಯನೇ ಅಧ್ಯಕ್ಷ. ಇದು ಯಾವ ಊರ ನ್ಯಾಯ ಎಂದು ಮೊದಲ ಸಭೆಯಲ್ಲೇ ಎದ್ದು ನಿಂತು ಕೇಳಿದೆ.

ಅವರಿಗೆ ಕೋಪ ಬರಲಿಲ್ಲ. ಯಾರೋ ತಮ್ಮ ಇಷ್ಟದ ಹಾಡು ಕೇಳಿದರೇನೋ ಎಂಬಂತೆ ಮುಖ ಅರಳಿತು. "ಈ ದೇಶಾನೇ ಹಂಗ ನಡದೈತಲ್ರೀ" ಎಂದು ಶುರು ಮಾಡಿದರು. "ನಮ್ಮ ಕಡೆ ಕಾನೂನು ಮಂತ್ರಿ ಬ್ಯಾರೆ, ಅಟಾರ್ನಿ ಜನರಲ್ ಬ್ಯಾರೆ. ಇಲ್ಲಿ ಅಟಾರ್ನಿ ಜನರಲ್ಲೇ ಮಂತ್ರಿ. ಪಾರ್ಟಿಯಿಂದ ಗೆದ್ದು ಬಂದಾವ. ಕ್ಯಾಬಿನೆಟ್‌ನ್ಯಾಗ ಕುಂತು ಸರ್ಕಾರಕ್ಕ ಏನು ಬೇಕೋ ಅದನ್ನ ತಾನೂ ಬಯಸಾವ. ಅದೇ ಮನುಷ್ಯಾ ಎದ್ದು, ಇದನ್ನ ಮಾಡಾಕ ಕಾನೂನು ಬಿಡೂದಿಲ್ಲ ಅಂತ ಆ ಸರ್ಕಾರಕ್ಕೇ ಹೇಳಬೇಕು."

"ಹೇಳ್ತಾರಾ?" ಎಂದೆ.

"ಹೇಳೂದು ಅವನ ಕೆಲಸರೀ. ನೀವು ಸಣ್ಣಾವ್ರಿದ್ದಾಗ ಓಣ್ಯಾಗ ಕ್ರಿಕೆಟ್ ಆಡಿಲ್ಲೇನು? ಅಂಪೈರ್ ಯಾರು ಇರ್ತಿದ್ರು?"

ಬ್ಯಾಟಿಂಗ್ ಮಾಡುವ ಟೀಮಿನವನೇ, ಎಂದು ಯಾರೋ ಹಿಂದಿನಿಂದ ಕೂಗಿದರು. "ಅದ ನೋಡ್ರಿ. ತನ್ನ ಟೀಮಿನಾವಗ ಔಟ್ ಕೊಡಾವ ಒಬ್ಬ ಇರ್ತಿದ್ದ. ಎಲ್ಲಾರೂ ಅವನ್ನ ಬೈತಿದ್ರು. ಆದ್ರ ಅಂಪೈರ್ ಬೇಕು ಅಂದಾಗ ಎರಡೂ ಟೀಮು ಅವನ್ನೇ ಕರೀತಿತ್ತು." ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ನಮ್ಮ ಬೀದಿಯಲ್ಲಿ ಅಂಥವನು ಒಬ್ಬನೂ ಇರಲಿಲ್ಲ.

ಅವರದು ಒಂದು ವಿಚಿತ್ರ ಪದ್ಧತಿ ಇತ್ತು. ಸಂಘದಲ್ಲಿ ಏನೇ ತಕರಾರು ಬಂದರೂ ಸಲಹೆಗಾರರಾಗಿ ತಮಗೆ ತಾವೇ ಕಾಗದ ಬರೆಯುತ್ತಿದ್ದರು. ಮೇಲೆ "ಮಾನ್ಯ ಅಧ್ಯಕ್ಷರೇ" ಎಂದು ಇರುತ್ತಿತ್ತು, ಒಳಗೆಲ್ಲ "ತಾವು", ಕೆಳಗೆ ಅವರದೇ ಸಹಿ. ಅದನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡುತ್ತಿದ್ದರು. ಮೂರು ದಿನ ಕಳೆದ ಮೇಲೆ ಅಧ್ಯಕ್ಷರಾಗಿ ತೆರೆದು ಓದಿ, ಉತ್ತರವನ್ನೂ ಬರೆಯುತ್ತಿದ್ದರು. ಆ ಮೂರು ದಿನ ಕೇಳಿದರೆ, "ಇನ್ನೂ ಪತ್ರ ಬಂದಿಲ್ರೀ" ಎನ್ನುತ್ತಿದ್ದರು. ಪೋಸ್ಟ್‌ಮನ್ ಕೂಡ ಅವರೇ ಎಂದು ನಾವು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು.

ಒಂದು ವರ್ಷ ರಾಜ್ಯೋತ್ಸವಕ್ಕೆ ಅವರ ಮಗಳು ಮೆಲ್ಬರ್ನ್‌ನಿಂದ ಬಂದು ಭರತನಾಟ್ಯ ಮಾಡುವುದಾಗಿ ಹೇಳಿದ್ದಳು. ಹೆಸರು ಕೊಡುವ ಕೊನೆಯ ದಿನ ದಾಟಿ ಎರಡು ದಿನವಾಗಿತ್ತು. ಅಧ್ಯಕ್ಷರಿಗೆ ವಿನಾಯಿತಿ ಕೊಡುವ ಅಧಿಕಾರ ಇತ್ತು. ಸಲಹೆಗಾರರು, ಸ್ವಂತ ಮಗಳ ವಿಷಯದಲ್ಲಿ ತಾವು ಆ ಅಧಿಕಾರ ಬಳಸುವಂತಿಲ್ಲ ಎಂದು ಬರೆದರು. ಅಧ್ಯಕ್ಷರು ಒಪ್ಪಿದರು. ಮಗಳು ಒಂದು ತಿಂಗಳು ಅಪ್ಪನ ಜೊತೆ ಮಾತು ಬಿಟ್ಟಳು. ಎಲ್ಲರೂ ಆಹಾ ಎಂದರು. ಇದು ಮುಂದೆ ಯಾವುದೋ ದೊಡ್ಡ ಕೆಲಸಕ್ಕೆ ಈಗಲೇ ಹಾಕುತ್ತಿರುವ ಸಣ್ಣ ಗಾಳ ಎಂದು ನಾನು ಮನೆಯಲ್ಲಿ ವಾದಿಸಿದೆ. ವೀಣಾ, "ನಿಮ್ಗೆ ಯಾರೂ ಒಳ್ಳೆಯವ್ರಾಗಿ ಇರೋಕೇ ಆಗಲ್ಲ ಅಲ್ವಾ?" ಎಂದು ಎದ್ದು ಹೋದಳು.

ವೀಣಾ ವಾರದ ದಿನಗಳಲ್ಲಿ ಒಂದು ಚೈಲ್ಡ್‌ಕೇರ್‌ನಲ್ಲಿ ಕೆಲಸ ಮಾಡುತ್ತಾಳೆ, ಭಾನುವಾರ ಸಂಘದ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಇಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಸರ್ಕಾರದ ಪರವಾನಗಿ ಬೇಕು. ಮಗುವಿನ ಸುರಕ್ಷತೆಯ ವಿಷಯದಲ್ಲಿ ಒಂದು ತಪ್ಪು ಹೆಸರಿಗೆ ಅಂಟಿಕೊಂಡರೆ ಆ ಪರವಾನಗಿಗೇ ಕುತ್ತು, ಜೊತೆಗೆ ಕೆಲಸಕ್ಕೂ. ಮಗುವನ್ನು ಕರೆದೊಯ್ಯುವವರು ರಿಜಿಸ್ಟರ್‌ನಲ್ಲಿ ಸಹಿ ಹಾಕಬೇಕೆಂಬ ನಿಯಮ ನಮ್ಮ ಶಾಲೆಯಲ್ಲೂ ಇತ್ತು. ಆದರೆ ಬರುವವರೆಲ್ಲ ನಮ್ಮವರೇ. ಸಹಿ ಕೇಳಿದರೆ, ಏನಮ್ಮ ನನ್ನ ಮೇಲೇ ನಂಬಿಕೆ ಇಲ್ಲವಾ ಎಂದು ಮುಖ ಸಣ್ಣ ಮಾಡುತ್ತಾರೆ. ಹಾಗಾಗಿ ರಿಜಿಸ್ಟರ್ ಕಪಾಟಿನಲ್ಲೇ ಇರುತ್ತಿತ್ತು.

ರಶ್ಮಿ ಎಂಬ ತಾಯಿ, ಏಳು ವರ್ಷದ ಮಗಳು ಅನ್ವಿ. ರಶ್ಮಿಯೂ ಅವಳ ಗಂಡನೂ ಬೇರೆಯಾಗಿದ್ದರು, ಮಗುವಿನ ವಿಷಯ ಕೋರ್ಟಿನಲ್ಲಿತ್ತು. ಇದು ಸಂಘದಲ್ಲಿ ಯಾರಿಗೂ ತಿಳಿದಿರಲಿಲ್ಲ. ಒಂದು ಭಾನುವಾರ ಪಾಠ ಮುಗಿಯುವ ಹೊತ್ತಿಗೆ ಅನ್ವಿಯ ಅಪ್ಪ ಬಂದ. ದೀಪಾವಳಿಯಲ್ಲಿ ಎಲ್ಲರಿಗೂ ಓಡಾಡಿ ಹೋಳಿಗೆ ಬಡಿಸಿದ್ದ ಮನುಷ್ಯ. ಅಪ್ಪ ಬಂದರೆ ಮಗುವನ್ನು ಕಳಿಸದೆ ಇರುತ್ತಾರೆಯೇ? ವೀಣಾ ಬ್ಯಾಗು, ನೀರಿನ ಬಾಟಲಿ ಕೊಟ್ಟು ಕಳಿಸಿದಳು. ಅವನು ಮಗುವನ್ನು ನೇರ ಮೆಲ್ಬರ್ನ್‌ಗೆ, ತನ್ನ ಅಣ್ಣನ ಮನೆಗೆ ಕರೆದೊಯ್ದ. ಎರಡು ದಿನ ರಶ್ಮಿಗೆ ಮಗಳ ದನಿ ಕೂಡ ಕೇಳಿಸಲಿಲ್ಲ. ವಕೀಲರು ನಡುವೆ ಬಂದ ಮೇಲೆ ಮಂಗಳವಾರ ಮಗು ಮರಳಿ ಬಂತು. ಮಗುವಿಗೆ ಏನೂ ಆಗಿರಲಿಲ್ಲ.

ಇದರ ನಡುವೆ, ಸೋಮವಾರ ಬೆಳಿಗ್ಗೆ, ರಶ್ಮಿ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದಳು: "ನಾನಲ್ಲದೆ ಯಾರ ಜೊತೆಗೂ ಕಳಿಸಬೇಡಿ ಅಂತ ಗುರುವಾರವೇ ಸಂಘಕ್ಕೆ ಮೇಲ್ ಮಾಡಿದ್ದೆ. ಯಾರೂ ಓದಲಿಲ್ಲವಾ?"

ಸಂಘದ ಮೇಲ್ ಪೆಟ್ಟಿಗೆಯನ್ನು ಸಿದ್ಧಮಾಡಿಕೊಟ್ಟವನು ನಾನು. ಅದನ್ನು ದಿನಾ ತೆರೆದು ಓದಿ, ಯಾರಿಗೆ ತಿಳಿಸಬೇಕೋ ಅವರಿಗೆ ತಿಳಿಸುವುದು ಅಧ್ಯಕ್ಷರ ಕೆಲಸ. ಸಾಹೇಬರು ಅದನ್ನು ಫೋನಿನಲ್ಲೇ ಮಾಡುತ್ತಿದ್ದರು. ಸಿಕ್ಕಿಬಿದ್ದರು ಎಂದುಕೊಂಡೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಆಫೀಸಿನ ಹಿಂದಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಹುಡುಕಿದೆ.

ಇನ್‌ಬಾಕ್ಸ್‌ನಲ್ಲಿ ರಶ್ಮಿಯ ಮೇಲ್ ಇರಲಿಲ್ಲ. ನಾನು ಮಾಡಿದ್ದ ಒಂದು ಫೋಲ್ಡರ್‌ನಲ್ಲಿ ಇತ್ತು. ತಿಂಗಳ ಹಿಂದೆ, ಪಿಕಪ್‌ಗೆ ಹತ್ತು ನಿಮಿಷ ಲೇಟಾಗುತ್ತೆ ಎನ್ನುವ ಮೇಲ್‌ಗಳು ರಾಶಿ ಬೀಳುತ್ತವೆ ಎಂದು ಸಾಹೇಬರು ಗೊಣಗಿದ್ದಕ್ಕೆ, ಪಿಕಪ್ ಎಂಬ ಪದ ಇರುವ ಮೇಲ್‌ಗಳೆಲ್ಲ ತಾವಾಗಿಯೇ ಬೇರೆ ಫೋಲ್ಡರ್‌ಗೆ ಹೋಗುವಂತೆ ಒಂದು ಸಾಲಿನ ನಿಯಮ ಬರೆದಿದ್ದೆ. ರಶ್ಮಿಯ ಮೇಲ್‌ನಲ್ಲೂ ಆ ಪದ ಇತ್ತು. ನಿಯಮ ಬರೆದದ್ದನ್ನು ಯಾರಿಗೂ ಹೇಳಿರಲಿಲ್ಲ. ಊರಿನವರ ಪ್ರೋಗ್ರಾಂಗಳನ್ನೆಲ್ಲ ಪರೀಕ್ಷೆ ಮಾಡುವ ನಾನು ನನ್ನ ಒಂದು ಸಾಲನ್ನು ಪರೀಕ್ಷೆ ಮಾಡಿರಲಿಲ್ಲ. ಮೇಲ್ ಯಾರೂ ತೆರೆಯದೆ ದಪ್ಪ ಅಕ್ಷರದಲ್ಲಿ ಹಾಗೇ ಕೂತಿತ್ತು.

ಆಗ ನನಗೆ ಬಂದ ಯೋಚನೆಯನ್ನು ಇದ್ದ ಹಾಗೆ ಬರೆಯುತ್ತೇನೆ. ತಪ್ಪು ನನ್ನದು ಎಂದರೆ, ಗಂಡನ ತಪ್ಪು, ಹೆಂಡತಿಯ ತಪ್ಪು ಎಂದು ಎರಡನ್ನೂ ಒಂದೇ ಮನೆಗೆ ಕಟ್ಟಿ ಸಾಹೇಬರು ಕೈತೊಳೆದುಕೊಳ್ಳುತ್ತಾರೆ. ಸಲಹೆಯೂ ಅವರದ್ದೇ, ತೀರ್ಪೂ ಅವರದ್ದೇ. ವೀಣಾಳ ಕೆಲಸ ಹೋಗುತ್ತದೆ. ಹಾಗೆಂದುಕೊಂಡು ಆ ಮೇಲನ್ನು ಇನ್‌ಬಾಕ್ಸ್‌ಗೆ ಸರಿಸಿದೆ. ಓದಲಾಗಿದೆ ಎಂದು ಗುರುತು ಮಾಡಿದೆ. ನಿಯಮವನ್ನು ಅಳಿಸಿದೆ. ಎಲ್ಲ ಸೇರಿ ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಡಬ್ಬಿ ತೆರೆದು ಚಿತ್ರಾನ್ನ ತಿಂದೆ.

ಸಂಜೆ ಸಾಹೇಬರ ಫೋನ್ ಬಂತು. "ಆ ಮೇಲ್ ನನ್ನ ಫೋನಿನ್ಯಾಗ ಐತ್ರೀ. ಗುರುವಾರದ್ದು. ಓದಿದ್ದು ಅಂತ ತೋರಿಸಾಕತ್ತೈತಿ." ಆಮೇಲೆ ಕೇಳಿದರು. "ನನಗ ಓದಿದ್ದು ನೆನಪ ಇಲ್ಲಲ್ರೀ. ಮತ್ಯಾರರೆ ತಗದಿರಬಹುದೇನು?"

"ಇಲ್ಲ ಸರ್. ನೀವೇ ಓದಿ ಮರೆತಿರಬೇಕು" ಎಂದೆ.

"ಹೌದೇನ್ರೀ" ಎಂದು ಫೋನ್ ಇಟ್ಟರು.

ಆ ವಾರ ಸಂಘದ ಹಿರಿಯರು ನಮ್ಮ ಮನೆಗೆ ಬಂದು ಕಾಫಿ ಕುಡಿದು, ವೀಣಾ ಒಂದು ಕ್ಷಮಾಪಣೆ ಪತ್ರ ಬರೆದುಕೊಡಲಿ, ಗಲಾಟೆ ಅಲ್ಲಿಗೇ ಮುಗಿಯಲಿ ಎಂದು ಮೆತ್ತಗೆ ಹೇಳಿ ಹೋದರು. ಆ ಪತ್ರವೇ ನಾಳೆ ಅವಳ ಕುತ್ತಿಗೆಗೆ ಬರುತ್ತದೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ವೀಣಾ ಊಟ ಬಿಟ್ಟಳು. ಮಕ್ಕಳ ಹಾಡುಗಳನ್ನು ಬರೆದಿಟ್ಟಿದ್ದ ಪುಸ್ತಕವನ್ನು ಚೀಲದಿಂದ ತೆಗೆದು ಅಲಮಾರಿನ ಮೇಲಿಟ್ಟಳು. ಇದೆಲ್ಲ ಸಾಹೇಬರ ಚಿತಾವಣೆ ಎಂದು ನಾನು ಅವಳಿಗೆ ಹೇಳುತ್ತಲೇ ಇದ್ದೆ.

ಮುಂದಿನ ಭಾನುವಾರ ಸಭೆ. ಶಾಲೆಯ ಲೈಬ್ರರಿಯಲ್ಲಿ ಮಕ್ಕಳ ಸಣ್ಣ ಕುರ್ಚಿಗಳ ಮೇಲೆ ದೊಡ್ಡವರೆಲ್ಲ ಮೊಣಕಾಲು ಮಡಚಿ ಕುಳಿತಿದ್ದೆವು. ರಶ್ಮಿ ಬಾಗಿಲ ಹತ್ತಿರ ನಿಂತೇ ಇದ್ದಳು. ಸಾಹೇಬರು ಲಕೋಟೆ ಹರಿದು ಪತ್ರ ತೆಗೆದರು. ಎಂದಿನಂತೆ ಒಂದಿಬ್ಬರು ನಗತೊಡಗಿದರು. ಅವರು ಓದಿದರು.

"ಮಾನ್ಯ ಅಧ್ಯಕ್ಷರೇ, ತಾಯಿಯವರ ಪತ್ರವನ್ನು ತಾವು ಓದಿದ್ದೀರಿ ಎಂದು ದಾಖಲೆ ತೋರಿಸುತ್ತದೆ. ಓದಿದ್ದು ನೆನಪಿಲ್ಲ ಎಂಬ ತಮ್ಮ ಮಾತನ್ನು ನಂಬಬಹುದು. ಅದರಿಂದ ತಮ್ಮ ಹೊಣೆ ಕಡಿಮೆಯಾಗುವುದಿಲ್ಲ. ಶಿಕ್ಷಕಿಯವರಿಗೆ ವಿಷಯ ತಿಳಿಸದೆ ಇದ್ದವರು ತಾವು. ಅವರಿಂದ ಕ್ಷಮಾಪಣೆ ಬರೆಸಿಕೊಳ್ಳುವುದು ಅನ್ಯಾಯ. ತಮ್ಮದೇ ತಪ್ಪಿನ ವಿಷಯದಲ್ಲಿ ತೀರ್ಮಾನ ಕೊಡುವ ಅಧಿಕಾರವೂ ತಮಗಿಲ್ಲ."

ಅವರು ಕನ್ನಡಕ ತೆಗೆದು, "ಅಧ್ಯಕ್ಷರು ಈ ಸಲಹೆ ಒಪ್ಪ್ಯಾರ್ರಿ. ಇವತ್ತಿಗೆ ಎರಡೂ ಹುದ್ದೆ ಬಿಡ್ತೇನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಮೇಲ್ ವ್ಯವಸ್ಥಾ ನೋಡಿಕೊಳ್ಳೋರು ಏನರೆ ಹೇಳೂದೈತೇನ್ರಿ?"

ಎಲ್ಲರೂ ನನ್ನನ್ನು ನೋಡಿದರು, ವೀಣಾ ಕೂಡ. "ಏನೂ ಇಲ್ಲ" ಎಂದೆ.

ರಶ್ಮಿ ಅವರ ಹತ್ತಿರ ಬಂದು, "ನನ್ನ ಮಗಳ ಹತ್ರ ಇನ್ಮೇಲೆ ಮಾತಾಡ್ಬೇಡಿ ಅಂಕಲ್" ಎಂದಳು. ಅನ್ವಿಗೆ ಪ್ರತಿ ಭಾನುವಾರ ಕಾಗದದಲ್ಲಿ ಕಪ್ಪೆ ಮಾಡಿಕೊಡುತ್ತಿದ್ದವರು ಅವರು. ತಲೆ ಆಡಿಸಿ ಹೊರಗೆ ಹೋದರು. ಅವತ್ತು ಮನೆಗೆ ಬಂದು ವೀಣಾ ಸಮಾಧಾನದಿಂದ ಅತ್ತಳು. ದೇವರಂಥ ಮನುಷ್ಯ ಎಂದಳು.

ಅವರು ಮನೆ ಮಾರಿ, ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಮಗಳ ಅಪಾರ್ಟ್‌ಮೆಂಟಿಗೆ ಹೋದರು. ನಾನು ಇಲ್ಲಿ ನನ್ನ ಅನುಮಾನವನ್ನು ಸಾಕಿಕೊಂಡೆ. ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಸಭೆಯಲ್ಲಿ ನನ್ನನ್ನೇ ಯಾಕೆ ಕೇಳುತ್ತಾರೆ? ಜೀವಮಾನವೆಲ್ಲ ದಾಖಲೆ ನೋಡಿದ ವಕೀಲ ಇಷ್ಟು ಸಣ್ಣ ಆಟಕ್ಕೆ ಮೋಸಹೋಗುತ್ತಾರೆಯೇ? ಗೊತ್ತಿದ್ದೂ ದೊಡ್ಡತನ ತೋರಿಸಿದರು, ನನ್ನನ್ನು ಜೀವನಪೂರ್ತಿ ಋಣದಲ್ಲಿಟ್ಟರು. ಹೀಗೆ ಅಂದುಕೊಂಡರೆ ಎದೆ ಹಗುರವಾಗುತ್ತಿತ್ತು. ಅವರಿಗೆ ಗೊತ್ತಿದೆ ಎಂದ ಮೇಲೆ ನಾನು ಹೇಳುವುದಾದರೂ ಏನಿದೆ?

ಒಂದು ವರ್ಷದ ಮೇಲೆ ಆಫೀಸಿನ ಕೆಲಸಕ್ಕೆ ಡಾಕ್‌ಲ್ಯಾಂಡ್ಸ್‌ಗೆ ಹೋದಾಗ ಅವರನ್ನು ಕಂಡೆ. ಟ್ರಾಮ್ ಸ್ಟಾಪಿನ ಎದುರಿನ ಕೆಫೆಗೆ ಬಂದರು. ಮೈ ಇಳಿದುಹೋಗಿತ್ತು. ಕುಳಿತ ಕೂಡಲೆ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ನನ್ನ ಹೆಸರು, ಗಂಟೆ ಬರೆದರು. ನಾನು ಏನು ಆರ್ಡರ್ ಮಾಡಿದೆ ಎಂಬುದನ್ನೂ ಬರೆದರು. ವೀಣಾ ಹೇಗಿದ್ದಾಳೆ ಎಂದು ಕೇಳಿ, ನಾನು ಚೆನ್ನಾಗಿದ್ದಾಳೆ ಎಂದಿದ್ದನ್ನೂ ಬರೆದುಕೊಂಡರು. ಹೇಳಿಕೆ ತೆಗೆದುಕೊಳ್ಳುತ್ತಿದ್ದಾರೆ, ನನ್ನ ಮೇಲೆ ಫೈಲ್ ತಯಾರು ಮಾಡುತ್ತಿದ್ದಾರೆ ಎಂದೇ ನಂಬಿದೆ. ಕಾಫಿ ಅರ್ಧಕ್ಕೆ ಬಿಟ್ಟು ಮೀಟಿಂಗ್ ಇದೆ ಎಂದು ಎದ್ದೆ. ಅದನ್ನೂ ಬರೆದುಕೊಂಡು, "ಮತ್ತ ಬರ್ರಿ" ಎಂದರು. ನಾನು ಮತ್ತೆ ಹೋಗಲಿಲ್ಲ.

ಕಳೆದ ತಿಂಗಳು ಅವರು ಹೋದರು. ಹೃದಯಾಘಾತ. ವೀಣಾ ಅಂತ್ಯಸಂಸ್ಕಾರಕ್ಕೆ ಹೋಗಲೇಬೇಕು ಎಂದಳು, ಇಬ್ಬರೂ ಬೆಳಗಿನ ವಿಮಾನಕ್ಕೆ ಹೋದೆವು. ಚಿತಾಗಾರದ ಹಾಲ್‌ನಲ್ಲಿ ವೀಣಾ ಪೆಟ್ಟಿಗೆಯ ಮುಂದೆ ಬಗ್ಗಿ ನಮಸ್ಕಾರ ಮಾಡಿ, "ನನ್ನ ಅನ್ನ ಉಳಿಸಿದ್ರಿ" ಎಂದಳು. ಪಕ್ಕದಲ್ಲಿ ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಹೊರಗೆ ಪಾರ್ಕಿಂಗ್‌ಗೆ ಕರೆದುಕೊಂಡು ಬಂದು ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಮುಖವನ್ನೂ ನೋಡಲಿಲ್ಲ. "ರಶ್ಮಿಗೆ ಫೋನ್ ಮಾಡಿ. ಈಗಲೇ, ನನ್ನ ಮುಂದೆ" ಎಂದಳು.

ಮಾಡಿದೆ. ಸಾಹೇಬರು ಆ ಮೇಲ್ ಓದಿರಲೇ ಇಲ್ಲ, ಅದು ನನ್ನ ಫೋಲ್ಡರ್‌ನಲ್ಲಿತ್ತು, ಓದಿದ ಹಾಗೆ ಮಾಡಿದವನು ನಾನು ಎಂದೆ. ಫೋನಿನ ಆ ಕಡೆ ಅನ್ವಿಯ ದನಿ, "ಮಮ್, ಹೂ ಈಸ್ ಇಟ್?" ಎಂದು ಕೇಳುತ್ತಿತ್ತು. ರಶ್ಮಿ ಬಾಗಿಲು ಹಾಕಿಕೊಂಡ ಸದ್ದಾಯಿತು.

"ಅವರಿಗೆ ಗೊತ್ತಿತ್ತು ಅನ್ಸುತ್ತೆ" ಎಂದೆ. ಮೂರು ವರ್ಷ ನನ್ನನ್ನು ಕಾಪಾಡಿದ ಮಾತು ಅದು.

"ಗೊತ್ತಿತ್ತಾ?" ಎಂದಳು ರಶ್ಮಿ. "ಹೋದ ವರ್ಷ ನನಗೆ ಫೋನ್ ಮಾಡಿದ್ರು. ಎಷ್ಟು ಯೋಚನೆ ಮಾಡಿದ್ರೂ ನಿನ್ನ ಮೇಲ್ ಓದಿದ್ದು ನೆನಪಿಗೆ ಬರ್ತಿಲ್ಲಮ್ಮ, ಅವತ್ತಿಂದ ನನ್ನ ತಲೆ ಮೇಲೆ ನಂಗೇ ನಂಬಿಕೆ ಇಲ್ಲ ಅಂದ್ರು. ಮೂರು ಸಲ ಡಾಕ್ಟರ್ ಹತ್ರ ಟೆಸ್ಟ್ ಮಾಡಿಸಿದ್ರಂತೆ. ಏನೂ ಇಲ್ಲ ಅಂದ್ರಂತೆ ಡಾಕ್ಟರ್, ಆದ್ರೆ ಆ ಡಾಕ್ಟರ್‌ಗೇ ಸರಿಯಾಗಿ ಗೊತ್ತಾಗ್ತಿಲ್ಲ, ನನಗೆ ಮರೆವು ಶುರುವಾಗಿದೆ ಅಂದ್ರು. ಅದಕ್ಕೇ ಕ್ಷಮಿಸಿಬಿಡಮ್ಮ, ನಿನ್ನನ್ನೂ ಮರೆಯೋದ್ರೊಳಗೆ ಕೇಳಿಬಿಡೋಣ ಅಂತ ಮಾಡಿದೆ ಅಂದ್ರು." ಆಮೇಲೆ ಅವಳೇ ಹೇಳಿದಳು. "ನಾನು ಕ್ಷಮಿಸಲ್ಲ ಅಂತ ಹೇಳಿ ಫೋನ್ ಕಟ್ ಮಾಡ್ದೆ."

ಮೂರು ವರ್ಷದಲ್ಲಿ ಒಂದು ದಿನವೂ ಅವರು ನನ್ನ ಮೇಲೆ ಅನುಮಾನ ಪಟ್ಟಿರಲಿಲ್ಲ.